ಪರಂತು

ಕಾಗದ ಮಡಿಸುವುದಕ್ಕೆ ಎರಡು ಕೈ ಬೇಕು. ಎಡಗೈ ಅಂಚಿಗೆ ಅಂಚು ಕೂಡಿಸಿ ಅದುಮಿ ಹಿಡಿಯಬೇಕು, ಬಲಗೈ ಮಡಿಕೆ ತೀಡುವ ಮೂಳೆಪಟ್ಟಿಯನ್ನು ಸರ್ರೆಂದು ಎಳೆಯಬೇಕು. ಎರಡಮ್ಮನಿಗೆ ಈಗ ಉಳಿದದ್ದು ಒಂದೂಕಾಲು ಕೈ. ಬಲಗೈಯಲ್ಲಿ ಹೆಬ್ಬೆರಳೊಂದು ಬಿಟ್ಟರೆ ಮಿಕ್ಕ ನಾಲ್ಕೂ ಬುಡಕ್ಕೇ ಹೋಗಿದ್ದವು. ಅವಳು ಹಾಳೆಯ ಮೇಲೆ ಬಲ ಮೊಣಕೈ ಊರಿ, ಎಡಗೈಯಲ್ಲಿ ಮೂಳೆ ಎಳೆಯುತ್ತಿದ್ದಳು. ಮೊಣಕೈಯ ಬೆವರು ಹಾಳೆಗೆ ತಗಲಬಾರದೆಂದು ಗಂಡನ ಹಳೆಯ ಕಾಲುಚೀಲದ ಪಾದ ಕತ್ತರಿಸಿ ಅಲ್ಲಿಗೆ ತೊಟ್ಟುಕೊಂಡಿದ್ದಳು. ಮಿಕ್ಕವರು ಐದು ಹಾಳೆ ಮಡಿಸುವಷ್ಟರಲ್ಲಿ ಅವಳದು ಮೂರಾಗುತ್ತಿತ್ತು. ಮೂರೂ ನೀಟಾಗಿರುತ್ತಿದ್ದವು.

ಎರಡಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಇರುತ್ತಿತ್ತು. ಛಾಪಖಾನೆಯ ಮಡಿಕೆ ಕೋಣೆಯಲ್ಲಿ ನಾಲ್ಕು ಮೇಜು, ನಾಲ್ಕು ಹೆಂಗಸರು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ ಆಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಇಲ್ಲಿಗೆ ಬರುವುದೆಲ್ಲ ನಾಲ್ಕು ಫಾರಂನ ಸಣ್ಣ ಪುಸ್ತಕ. ಯಾವುದೇ ಬರಲಿ, ಮೊದಲ ಫಾರಂ ಮೊದಲ ಮೇಜಿಗೆ, ಎರಡನೆಯದು ಎರಡನೆಯದಕ್ಕೆ. ಹೀಗೆ ಅವರು ಒಂದಮ್ಮ, ಎರಡಮ್ಮ, ಮೂರಮ್ಮ, ನಾಲ್ಕಮ್ಮ ಆದರು. ಒಂದಮ್ಮ ಎಲ್ಲರಿಗಿಂತ ಚಿಕ್ಕವಳು, ಹೈಸ್ಕೂಲು ಮುಗಿಸಿದವಳು, ಬಾಯಿ ಜೋರು. ಮೂರಮ್ಮ ಎಲ್ಲರಿಗಿಂತ ಹಿರಿಯಳು, ನಲವತ್ತು ವರ್ಷ ಪುಸ್ತಕ ಮಡಿಸಿದವಳು, ಒಂದಕ್ಷರ ಓದಲು ಬಾರದವಳು. ನಾಲ್ಕಮ್ಮ ಮಾತೇ ಆಡುವವಳಲ್ಲ.

ಹನ್ನೊಂದು ವರ್ಷದಿಂದ ಎರಡಮ್ಮ ಮಡಿಸುತ್ತಾ ಓದುತ್ತಾ ಬಂದಿದ್ದಳು. ಓದಿದ ಯಾವ ಕಥೆಗೂ ಆರಂಭವಿರಲಿಲ್ಲ, ಮುಕ್ತಾಯವಿರಲಿಲ್ಲ. ಹದಿನೇಳನೇ ಪುಟದಿಂದ ಮೂವತ್ತೆರಡರವರೆಗೆ ಅವಳ ಪಾಲು. ಹುಡುಗಿ ಹುಡುಗನನ್ನು ಮೊದಲು ನೋಡುವುದು ಒಂದಮ್ಮನ ಮೇಜಿನಲ್ಲಿ ಆಗಿಹೋಗಿರುತ್ತಿತ್ತು, ಸಾಯುವವರು ನಾಲ್ಕಮ್ಮನ ಮೇಜಿನಲ್ಲಿ ಸಾಯುತ್ತಿದ್ದರು. ಚಹಾದ ಹೊತ್ತಿಗೆ "ನಿನ್ನಲ್ಲಿ ಏನಾಯ್ತೇ?" ಎಂದು ಒಬ್ಬರನ್ನೊಬ್ಬರು ಕೇಳಿ ಕಥೆ ಕೂಡಿಸಿಕೊಳ್ಳುವುದು ರೂಢಿ. ಮೂರಮ್ಮನ ಫಾರಂ ಬಂದಾಗ ಒಂದಮ್ಮ ಎದ್ದು ಹೋಗಿ ಓದಿ ಹೇಳಬೇಕಾಗಿತ್ತು. ಚೂರು ಕಾಗದವೂ ಬಾಗಿಲಾಚೆ ಹೋಗುವಂತಿರಲಿಲ್ಲ. ಸಂಜೆ ಕಾವಲಿನವಳು ಸೆರಗು ಒದರಿಸಿ, ಬುತ್ತಿ ಡಬ್ಬಿ ತೆಗೆಸಿ ನೋಡುತ್ತಿದ್ದಳು. ತಲೆಯೊಳಗಿದ್ದದ್ದನ್ನು ಒದರಿಸಲಾಗುತ್ತಿರಲಿಲ್ಲ ಅಷ್ಟೆ.

ಬೆರಳು ಹೋದದ್ದು ಮೂರು ತಿಂಗಳ ಹಿಂದೆ. ಕತ್ತರಿ ಯಂತ್ರದವನು ರಜೆಯಲ್ಲಿದ್ದ. "ನಾಲ್ಕು ಕಟ್ಟು ಇದೆ, ಕತ್ತರಿಸಿಬಿಡು ತಂಗಿ" ಎಂದ ಯಜಮಾನ. ಆ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಲಗಿನ ಕೆಳಗೆ ಯಾವ ಕೈಯೂ ಇರುವುದಿಲ್ಲ. ಯಂತ್ರ ಮಾಡಿದವನು ಅಷ್ಟು ಯೋಚನೆ ಮಾಡಿದ್ದ. ಯಜಮಾನ ಅವನಿಗಿಂತ ಹೆಚ್ಚು ಯೋಚನೆ ಮಾಡಿದ. ಒಂದು ಗುಂಡಿಗೆ ರಟ್ಟಿನ ಚೂರು ಸಿಕ್ಕಿಸಿ ಸದಾ ಒತ್ತಿರುವಂತೆ ಮಾಡಿಸಿದ. ಒಂದೇ ಕೈ ಸಾಕು, ಕೆಲಸ ಬೇಗ ಆಗುತ್ತದೆ. ಎರಡಮ್ಮನ ಬಲಗೈ ಕಟ್ಟು ನೇರ ಮಾಡುತ್ತಿತ್ತು, ಎಡಗೈ ಗುಂಡಿಯ ಮೇಲಿತ್ತು. ಅವಳನ್ನು ಆಸ್ಪತ್ರೆಗೆ ಒಯ್ದು ಬರುವಷ್ಟರಲ್ಲಿ ಯಾರೋ ರಕ್ತ ಒರೆಸಿದ್ದರು, ರಟ್ಟಿನ ಚೂರೂ ಮಾಯವಾಗಿತ್ತು.

ವಾಪಸು ಬಂದವಳನ್ನು ಯಜಮಾನ ಬೈಯಲಿಲ್ಲ. ಅದೇ ಕಷ್ಟ. ಬೈದರೆ ತಿರುಗಿ ಬೈಯಬಹುದು. ಅವನು ದಿನವೂ ಕೋಣೆಗೆ ಬಂದು, ಅವಳ ಮೇಜಿನ ಪಕ್ಕ ನಿಂತು, ಕೈಗಡಿಯಾರ ನೋಡಿಕೊಂಡು, "ಪಾಪ, ಎಷ್ಟು ಕಷ್ಟಪಡ್ತೀಯ" ಎಂದು ಹೋಗುತ್ತಿದ್ದ. ಸೋಮವಾರ ಒಂದು ಕಾಗದ ತಂದು ಅವಳ ಮುಂದಿಟ್ಟ. ನಾನು ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಕೆಲಸ ಬಿಡುತ್ತಿದ್ದೇನೆ ಎಂದಿತ್ತು. ಕೆಳಗೆ ಸಹಿಗೆ ಗೆರೆ.

"ಅವಸರ ಇಲ್ಲ ತಂಗಿ. ಶನಿವಾರ ಕಾರ್ಮಿಕ ಇಲಾಖೆಯ ಅಧಿಕಾರಿ ಬರ್ತಾರೆ. ಅವರ ಎದುರಿಗೇ ಹಾಕು. ಎಲ್ಲ ಕ್ರಮವಾಗಿ ಆಗಲಿ."

ಎರಡಮ್ಮನ ಗಂಡ ಗೋಡೆಗೆ ಬಣ್ಣ ಬಳಿಯುವವನು; ಕೆಲಸ ಇದ್ದ ವಾರ ಇತ್ತು, ಇಲ್ಲದ ವಾರ ಇಲ್ಲ. ಮನೆ ನಡೆಯುತ್ತಿದ್ದದ್ದು ಈ ಮೇಜಿನಿಂದ. ಬೆರಳಿಲ್ಲದವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಮರುದಿನ ಹೊಸ ಪುಸ್ತಕ ಬಂತು. ಸರ್ಕಾರದ್ದು, ಅದೇ ಕಾರ್ಮಿಕ ಇಲಾಖೆಯದು, ಅರವತ್ತನಾಲ್ಕು ಪುಟ, ಎರಡು ಸಾವಿರ ಪ್ರತಿ. ಮುಂದಿನ ಸೋಮವಾರ ಮಂತ್ರಿಗಳು ಬಿಡುಗಡೆ ಮಾಡಬೇಕು. ಪುಟಗಳು ಇಲಾಖೆಯಲ್ಲೇ ಸಿದ್ಧವಾಗಿ ಅಚ್ಚಿನ ತಗಡಿನ ಪ್ಲೇಟಾಗಿ ಬಂದಿದ್ದವು, ಇಲ್ಲಿ ಅಚ್ಚು ಹಾಕಿ ಮಡಿಸಿ ಹೊಲಿಯುವುದಷ್ಟೆ. ಒಂದಮ್ಮ ತನ್ನ ಮೊದಲ ಹಾಳೆ ಮಡಿಸಿ, ಮೇಲಿನ ಪುಟ ಓದಿ, ಕೈ ನಿಲ್ಲಿಸಿದಳು.

"ಎರಡಕ್ಕಾ, ಇದು ನಿಮ್ಮ ಪುಸ್ತಕ ಕಣ್ರೀ."

"ನನ್ನದಾ? ನಾನ್ಯಾವಾಗ ಬರೆದೆ?"

"ಅಂಗವಿಕಲರ ಹಕ್ಕುಗಳ ಕಾನೂನು. ಹೋದ ವರ್ಷ ಪಾಸಾಗಿದೆಯಂತೆ, ನಮ್ಮ ಭಾಷೇಲಿ ಇದೇ ಮೊದಲು."

ಎರಡಮ್ಮ ತನ್ನ ಹಾಳೆಗಳ ಕಟ್ಟಿನತ್ತ ನೋಡಿದಳು. ಹನ್ನೊಂದು ವರ್ಷದಲ್ಲಿ ಅವಳ ಮೇಜಿಗೆ ಅಡುಗೆ ಪುಸ್ತಕ ಬಂದಿತ್ತು, ಲೆಕ್ಕದ ಪುಸ್ತಕ ಬಂದಿತ್ತು, ಯಾರ್ಯಾರದೋ ಪ್ರೇಮ ಬಂದಿತ್ತು. ಅವಳ ಮಾತು ಇರುವ ಪುಸ್ತಕ ಬಂದದ್ದು ಇದೇ ಮೊದಲು.

ಆ ದಿನದಿಂದ ಮಡಿಕೆ ಕೋಣೆ ಪಾಠಶಾಲೆಯಾಯಿತು. ಕೈ ಕೆಲಸ ಮಾಡುತ್ತಿತ್ತು, ತುಟಿ ಓದುತ್ತಿತ್ತು. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಒಂದಮ್ಮನ ಫಾರಂನಲ್ಲಿ ಅಂಗವಿಕಲರೆಂದರೆ ಯಾರು ಎಂದಿತ್ತು. ಎರಡಮ್ಮನದರಲ್ಲಿ ಅವರಿಗೆ ಏನೇನು ಸಲ್ಲಬೇಕು ಎಂದಿತ್ತು: ಶಾಲೆ, ರಸ್ತೆ, ಬಸ್ಸು, ಆಸ್ಪತ್ರೆ, ಕೆಲಸ. ಆ ಭಾಷೆ ಮಾತ್ರ ಎಂಥದೋ. ಎಲ್ಲದಕ್ಕೂ ತಕ್ಕದ್ದು, ತಕ್ಕದ್ದಲ್ಲ.

"ಮಾಡತಕ್ಕದ್ದು, ಕೊಡತಕ್ಕದ್ದು, ತೆಗೆಯತಕ್ಕದ್ದಲ್ಲ" ಎಂದು ಒಂದಮ್ಮ ರಾಗವಾಗಿ ಹೇಳಿದಳು. "ಮನೇಲಿ ನನ್ನ ಮಾವ ಮಾತಾಡಿದ ಹಾಗೇ ಇದೆ."

"ನಿನ್ನ ಮಾವ ಕೊಡತಕ್ಕದ್ದು ಅಂತ ಯಾವತ್ತು ಅಂದಿದ್ದಾನೆ?" ಎಂದಳು ಮೂರಮ್ಮ. ಎಲ್ಲರೂ ನಕ್ಕರು. ನಾಲ್ಕಮ್ಮನ ತುಟಿಯೂ ಒಂದಿಷ್ಟು ಅಲುಗಿತು.

ಮೂವತ್ತೆರಡನೇ ಪುಟ, ಅವಳ ಫಾರಂನ ಕೊನೆಯ ಪುಟ. ಬುಧವಾರ ಮಧ್ಯಾಹ್ನ ಎರಡಮ್ಮ ಅಲ್ಲಿಗೆ ಬಂದಳು. ಕೊನೆಯ ಸಾಲುಗಳನ್ನು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. ಆಮೇಲೆ ಗಟ್ಟಿಯಾಗಿ ಓದಿದಳು.

"ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಗುರಿಯಾದ ಯಾವ ನೌಕರನನ್ನೂ ಯಾವ ಸಂಸ್ಥೆಯೂ ಕೆಲಸದಿಂದ ತೆಗೆಯತಕ್ಕದ್ದಲ್ಲ, ಅವನ ದರ್ಜೆಯನ್ನು ತಗ್ಗಿಸತಕ್ಕದ್ದಲ್ಲ."

"ಇನ್ನೊಂದ್ಸಲ ಓದು" ಎಂದಳು ಮೂರಮ್ಮ.

ಓದಿದಳು.

"ನೌಕರನನ್ನೂ ಅಂತಿದೆಯಲ್ಲೇ. ಗಂಡಸು. ನೀನು ಹೆಂಗಸು" ಎಂದು ಮೂರಮ್ಮ ಅನುಮಾನ ತೆಗೆದಳು.

"ಅದು ನನ್ನಲ್ಲಿದೆ!" ಎಂದು ಒಂದಮ್ಮ ಕೂಗಿದಳು. "ಐದನೇ ಪುಟ. ಅವನು ಅಂದ್ರೆ ಅವಳೂ ಸೇರ್ತಾಳೆ ಅಂತ ಬರೆದಿದ್ದಾರೆ."

"ಬಂದಳಲ್ಲ ಕೊನೆಗೆ" ಎಂದಳು ಮೂರಮ್ಮ. "ಇನ್ನೇನಿದೆ?"

"ಇನ್ನೊಂದೇ ಒಂದು ಪದ. ಪರಂತು. ಅಲ್ಲಿಗೆ ಪುಟ ಮುಗೀತು."

"ಪರಂತು ಅಂದ್ರೆ?"

ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂದಿನದು ಮೂವತ್ತಮೂರನೇ ಪುಟದಲ್ಲಿ, ಮೂರಮ್ಮನ ಫಾರಂನಲ್ಲಿ. ಆ ಫಾರಂ ಇನ್ನೂ ಅಚ್ಚಾಗಿರಲಿಲ್ಲ.

ಕಾದಿದ್ದರೆ ಆಗುತ್ತಿತ್ತು. ಆದರೆ ಎರಡಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಯಜಮಾನ ಅವಳ ಪಾಲಿಗೆ ಕೆಟ್ಟವನಲ್ಲ, ತಿಳಿಯದವನು. ಕಾನೂನು ಹೀಗಿದೆ ಎಂದು ಹೇಳಿದರೆ ಮುಗಿಯಿತು ಎಂದುಕೊಂಡಳು. ಸೀದಾ ಅವನ ಕೋಣೆಗೆ ಹೋದಳು. ಮೂವತ್ತೆರಡನೇ ಪುಟವನ್ನು ಬಾಯಿಪಾಠ ಒಪ್ಪಿಸಿದಳು. "ಪರಂತು ಅಂದ್ರೆ ಏನು ಸಾರ್?" ಎಂದೂ ಕೇಳಿದಳು. ಇಂಥ ಪ್ರಶ್ನೆಯನ್ನು ಯಾರ ಹತ್ತಿರ ಕೇಳಬಾರದೋ ಅವನ ಹತ್ತಿರವೇ ಕೇಳಿದಳು.

ಯಜಮಾನ ಎದ್ದು ಬಾಗಿಲು ಮುಂದಕ್ಕೆಳೆದ. ಆಮೇಲೆ, "ಕೂತ್ಕೋ ತಂಗಿ" ಎಂದ. ಹನ್ನೊಂದು ವರ್ಷದಲ್ಲಿ ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ನೀರು ತರಿಸಿ ಕೊಟ್ಟ. ಬೀರುವಿನ ಬೀಗ ತೆಗೆದು ಕಾಗದಗಳ ಕಂತೆಯೊಂದನ್ನು ಹೊರಗೆಳೆದ. ಇಲಾಖೆಯವರು ಕೊಟ್ಟಿದ್ದ ಮೂಲ ಪ್ರತಿ.

"ಪರಂತು ಅಂದ್ರೆ ಆದರೆ ಅಂತ. ಕೇಳು, ಓದ್ತೀನಿ. ಪರಂತು, ಅಂಥ ನೌಕರನು ತಾನು ಮಾಡುತ್ತಿದ್ದ ಕೆಲಸಕ್ಕೆ ತಕ್ಕವನಾಗಿ ಉಳಿಯದಿದ್ದಲ್ಲಿ..."

ಅಲ್ಲಿಗೆ ನಿಲ್ಲಿಸಿ ಕಾಗದ ಬೋರಲು ಹಾಕಿದ. ಅವಳ ಬಲಗೈಯನ್ನು ನೋಡಿದ.

"ಮಿಕ್ಕಿದ್ದು ನಾನು ಓದಬೇಕಾ? ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ನೀನೇ ತಿಳುವಳಿಕೆ ಇರೋಳು."

ಮಿಕ್ಕದ್ದನ್ನು ಎರಡಮ್ಮನೇ ತುಂಬಿಕೊಂಡಳು. ಆದರೆ ಎಂಬ ಪದ ಆದ ಮೇಲೆ ಏನು ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಡುಗಿ ಚೆನ್ನಾಗಿ ಓದುತ್ತಾಳೆ, ಆದರೆ. ಮನೆ ಬಾಡಿಗೆಗಿದೆ, ಆದರೆ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆ, ಆದರೆ. ನಲವತ್ತು ವರ್ಷದಿಂದ ಎಲ್ಲರೂ ಒಂದು ಕೈಯಲ್ಲಿ ಕೊಟ್ಟು, ಆದರೆ ಎಂದು ಇನ್ನೊಂದು ಕೈಯಲ್ಲಿ ಕಿತ್ತುಕೊಂಡವರೇ. ಕಾನೂನು ಬರೆದವರು ಮಾತ್ರ ಬೇರೆ ಥರ ಇರುತ್ತಾರೆಯೇ?

"ಗೊತ್ತಾಯ್ತು ಸಾರ್" ಎಂದು ಎದ್ದು ಬಂದಳು. ಕೊಟ್ಟ ನೀರನ್ನು ಪೂರ್ತಿ ಕುಡಿದೇ ಬಂದಳು. ಆಮೇಲೆ ಅದನ್ನು ನೆನೆಸಿಕೊಂಡಾಗಲೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಮನೆಯೆಂದರೆ ಒಂದೇ ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಸಂಜೆ ಗಂಡ ಬಣ್ಣದ ಕೈ ತೊಳೆದುಕೊಳ್ಳುತ್ತಾ ಎಲ್ಲ ಕೇಳಿದ. ಅವನೂ ಆದರೆಗಳನ್ನು ಕಂಡವನೇ.

"ಸಹಿ ಹಾಕ್ಬಿಡು. ಜಗಳ ಆಡಿದ್ರೆ ಊರೆಲ್ಲ ಗೊತ್ತಾಗತ್ತೆ. ಬೇರೆ ಕಡೆ ಯಾರೂ ಹತ್ತಿರ ಸೇರಿಸಲ್ಲ."

"ಈಗ ಸೇರಿಸ್ತಾರಾ?"

ಅವನು ಉಗುರಿನ ಸಂದಿಯ ಹಸಿರು ಬಣ್ಣ ಕೆರೆಯುತ್ತಾ ಕೂತ.

ಎರಡಮ್ಮ ಮಗಳ ಸ್ಲೇಟು ಎಳೆದುಕೊಂಡಳು. ಸಹಿ ಹಾಕುವುದಕ್ಕೂ ಕೈ ಬೇಕಲ್ಲ. ಒಂದು ತಿಂಗಳಿಂದ ಮಗಳು ಅವಳಿಗೆ ಎಡಗೈಯಲ್ಲಿ ಅಕ್ಷರ ತಿದ್ದಿಸುತ್ತಿದ್ದಳು. ಮೂರನೇ ತರಗತಿಯವಳು, ಮೇಷ್ಟರಿಗಿಂತ ಕಟ್ಟುನಿಟ್ಟು. ಆ ದಿನ ಎರಡಮ್ಮನ ಕೈಗೆ ತನ್ನ ಹೆಸರು ಬರಲಿಲ್ಲ. ತಲೆಯಲ್ಲಿದ್ದ ಒಂದೇ ಪದವನ್ನು ಬರೆದಳು, ಒರೆಸಿದಳು, ಮತ್ತೆ ಬರೆದಳು.

"ಅಮ್ಮಾ, ಪ ಬಾಯಿ ಬಿಟ್ಕೊಂಡಿದೆ. ತು ಬಿದ್ದೋಗ್ತಿದೆ. ಪರಂತು ಅಂದ್ರೆ ಏನಮ್ಮಾ?"

"ಆದರೆ ಅಂತ."

"ಆದರೆ ಏನು?"

ಎರಡಮ್ಮ ಸ್ಲೇಟು ಒರೆಸಿದಳು.

ಗುರುವಾರ ಬೆಳಿಗ್ಗೆ ನಾಲ್ಕಮ್ಮನ ಮೇಜಿನ ಮೇಲೆ ಹಾಳೆಗಳ ಗುಡ್ಡೆ ಬಿದ್ದಿತ್ತು. ಮೂರಮ್ಮನ ಮೇಜು ಖಾಲಿ. ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎರಡಾದ ಮೇಲೆ ನಾಲ್ಕು ಬಂತಲ್ಲ, ನಡುವಿನ ನಾನು ಎಲ್ಲಿ ಹೋದೆ? ಸತ್ತೇನಾ?"

ಒಂದಮ್ಮ ಯಂತ್ರದ ಕೋಣೆಗೆ ಹೋಗಿ ವಿಚಾರಿಸಿಕೊಂಡು ಬಂದಳು. ಅಚ್ಚುಯಂತ್ರ ನಡೆಸುವವನನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಮೂರರ ಪ್ಲೇಟನ್ನು ನಿನ್ನೆ ಮಧ್ಯಾಹ್ನ ಯಜಮಾನನೇ ಬಂದು ತೆಗೆದುಕೊಂಡು ಹೋದನಂತೆ. ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನಂತೆ. ಮೊದಲು ನಾಲ್ಕು ಹಾಕು, ಮೂರು ಶನಿವಾರ ಸಂಜೆಗೆ ಎಂದನಂತೆ.

"ನಿನ್ನೆ ಮಧ್ಯಾಹ್ನ ಯಾವಾಗ?" ಎಂದು ಕೇಳಿದಳು ಮೂರಮ್ಮ.

"ಎರಡಕ್ಕ ಅವನ ಕೋಣೆಯಿಂದ ಈಚೆ ಬಂದ ಮೇಲೆ."

ಮೂರಮ್ಮ ತನ್ನ ಖಾಲಿ ಮೇಜಿನ ಮೇಲೆ ಕೂತಳು. ಚೀಟಿಯಂಥ ಸಣ್ಣ ಕಾಗದವನ್ನು ಮಡಿಸಿ ಬಿಡಿಸಿ ಮಾಡಿದಳು. ಅವಳು ಯೋಚಿಸುವ ರೀತಿಯೇ ಹಾಗೆ.

"ಏ ಎರಡಮ್ಮಾ, ಅವನು ನಿನಗೆ ಆ ಕಾಗದ ತೋರಿಸಿದನಾ?"

"ಓದಿ ಹೇಳಿದ."

"ಪೂರ್ತಿ?"

"ಅರ್ಧ. ತಕ್ಕವನಾಗಿ ಉಳಿಯದಿದ್ದಲ್ಲಿ ಅಂದ. ಮಿಕ್ಕಿದ್ದು ಗೊತ್ತಾಯ್ತಲ್ಲ ಅಂದ."

"ಮಿಕ್ಕಿದ್ದು ನಿನಗೆ ಹೇಗೆ ಗೊತ್ತಾಯ್ತು?"

"ಮತ್ತೇನಿರತ್ತೆ ಮೂರಕ್ಕಾ? ಉಳಿಯದಿದ್ದಲ್ಲಿ ತೆಗೆದುಹಾಕಬಹುದು ಅಂತ ತಾನೇ?"

"ಮಂಕೇ" ಎಂದಳು ಮೂರಮ್ಮ. "ನನಗೆ ಓದೋಕೆ ಬರಲ್ಲ. ಆದರೆ ಆ ಮನುಷ್ಯನನ್ನ ಅವನ ಅಪ್ಪನ ಕಾಲದಿಂದ ನೋಡಿದೀನಿ. ನಿನ್ನನ್ನ ತೆಗೆಯಬಹುದು ಅಂತ ಅದರಲ್ಲಿ ಬರೆದಿದ್ರೆ, ಆ ಪುಟಕ್ಕೆ ಕಟ್ಟು ಹಾಕಿಸಿ ಬಾಗಿಲ ಮೇಲೆ ನೇತುಹಾಕ್ತಿದ್ದ. ಬೀರೂನಲ್ಲಿ ಯಾಕೆ ಇಡ್ತಾನೆ?"

ಎರಡಮ್ಮನಿಗೆ ಈಗ ತಿಳಿಯಿತು. ಅವನು ಸುಳ್ಳು ಹೇಳಿರಲಿಲ್ಲ. ಸುಳ್ಳನ್ನು ಅವಳ ಕೈಯಲ್ಲೇ ಮಾಡಿಸಿದ್ದ. ಆಕೆಯ ಇಡೀ ಬದುಕು ಆ ಸುಳ್ಳಿಗೆ ಸಾಕ್ಷಿ ಹೇಳಿತ್ತು.

ಮೂರಮ್ಮ ತನ್ನ ಮೂಳೆಪಟ್ಟಿಯನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

"ಮೂರು ಬರೋವರೆಗೆ ನಾಲ್ಕು ಮಡಿಸೋದು ಬೇಡ."

ಒಂದಮ್ಮ ತನ್ನದನ್ನು ಇಟ್ಟಳು. ಎಲ್ಲರೂ ನಾಲ್ಕಮ್ಮನನ್ನು ನೋಡಿದರು. ಹಾಳೆಯ ಗುಡ್ಡೆ ಇದ್ದದ್ದು ಅವಳ ಮುಂದೆ. ಕೆಲಸ ಹೋದರೆ ಮೊದಲು ಹೋಗುವುದು ಅವಳದೇ. ನಾಲ್ಕಮ್ಮ ಬಹಳ ಹೊತ್ತು ಹಾಳೆಯ ಅಂಚು ಸವರುತ್ತಾ ಇದ್ದಳು. ಆಮೇಲೆ ಮೂಳೆಯನ್ನು ನಿಧಾನಕ್ಕೆ, ಸದ್ದಾಗದಂತೆ ಕೆಳಗಿಟ್ಟಳು. ಆದರೂ ಹಾಳೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಓದುತ್ತಲೇ ಇದ್ದಳು.

ಯಜಮಾನ ಬಂದ. ನಗುತ್ತಲೇ ಬಂದ.

"ಏನಮ್ಮ ಇದು? ಕಾಗದಕ್ಕೂ ದೊಡ್ಡೋರು ಚಿಕ್ಕೋರು ಇದೆಯಾ? ಯಾವುದು ಮೊದಲು ಮಡಿಸಿದ್ರೇನು?"

"ಕ್ರಮವಾಗಿ ಆಗಲಿ ಅಂತ ನೀವೇ ಅಂದ್ರಲ್ಲ ಸಾರ್" ಎಂದಳು ಎರಡಮ್ಮ.

ಅವನ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. "ಸೋಮವಾರ ಪುಸ್ತಕ ಹೋಗದಿದ್ರೆ ನಾಲ್ಕೂ ಜನ ಮನೇಲಿರ್ತೀರ" ಎಂದು ಹೇಳಿ ಹೋದ. ಗುರುವಾರ ಮುಗಿಯಿತು. ಶುಕ್ರವಾರ ಪೂರ್ತಿ ನಾಲ್ವರೂ ಸ್ಟೂಲಿನ ಮೇಲೆ ಕೂತರು. ಕೂತು ಅಭ್ಯಾಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡರು. ಪಾಪ ಮಾವ ಎರಡು ಸಲ ಬಾಗಿಲವರೆಗೆ ಬಂದು, ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಂಡು ಹಿಂದೆ ಹೋದ.

ಶನಿವಾರ ಹನ್ನೊಂದಕ್ಕೆ ಅಧಿಕಾರಿ ಬಂದ. ಕಂಕುಳಲ್ಲಿ ಫೈಲು, ಮುಖದಲ್ಲಿ ಬೇರೆಲ್ಲೋ ಹೋಗಬೇಕಾದವನ ಅವಸರ. ಯಜಮಾನ ಅವನನ್ನು ಮಡಿಕೆ ಕೋಣೆಗೇ ಕರೆತಂದು ಎರಡಮ್ಮನ ಮೇಜಿನ ಮೇಲೆ ರಾಜೀನಾಮೆಯ ಕಾಗದ ಹಾಸಿದ.

"ಇವರೇ ಸರ್. ತಾವಾಗೇ ಬಿಡ್ತಿದ್ದಾರೆ."

ಅಧಿಕಾರಿ ಅವಳ ಮುಖ ನೋಡಲಿಲ್ಲ, ಕೈ ನೋಡಿದ. ಆಮೇಲೆ ಕೋಣೆಯ ಸುತ್ತ ನೋಡಿದ. ಖಾಲಿ ಮೇಜು, ಮಡಿಸದ ಗುಡ್ಡೆ, ಸುಮ್ಮನೆ ಕೂತ ಹೆಂಗಸರು.

"ಇದೇನ್ರೀ? ನಮ್ಮ ಪುಸ್ತಕ ಎಲ್ಲಿ?"

"ಆಗ್ತಿದೆ ಸರ್, ಆಗ್ತಿದೆ."

"ಏನಾಗ್ತಿದೆ? ಸೋಮವಾರ ಹತ್ತು ಗಂಟೆಗೆ ಮಂತ್ರಿಗಳು. ನನ್ನ ತಲೆ ಹೋಗತ್ತೆ!"

"ಮೂರನೇ ಫಾರಂ ಅಚ್ಚಾಗಿಲ್ಲ ಸಾರ್" ಎಂದಳು ಒಂದಮ್ಮ. "ಪ್ಲೇಟು ಬೀರೂನಲ್ಲಿದೆ."

ಅಧಿಕಾರಿ ಯಜಮಾನನ ಕಡೆ ತಿರುಗಿದ. ಕಾನೂನಿನ ಮೇಲೆ ಅವನಿಗಿದ್ದ ಪ್ರೀತಿ ಎಷ್ಟೋ ಗೊತ್ತಿಲ್ಲ, ಮಂತ್ರಿಗಳ ಭಯ ಮಾತ್ರ ಕಣ್ಣಿಗೆ ಕಾಣುತ್ತಿತ್ತು. "ಈಗಲೇ ತೆಗೀರಿ. ನನ್ನೆದುರಿಗೇ ಹಾಕಿಸಿ."

ಯಜಮಾನನಿಗೆ ಬೇರೆ ದಾರಿಯಿರಲಿಲ್ಲ. ಬೀಗ ತೆಗೆದ. ಮಾವ ಪ್ಲೇಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಓಡುವ ಹಾಗೆ ಹೋದ.

"ಅದಕ್ಕೆ ಅರ್ಧ ಗಂಟೆ ಹಿಡಿಯುತ್ತೆ ಸರ್. ಅಷ್ಟರಲ್ಲಿ ಈ ಸಹಿ ಮುಗಿಸಿಬಿಡೋಣ" ಎಂದ ಯಜಮಾನ, ಪೆನ್ನಿನ ಮುಚ್ಚಳ ತೆಗೆದು ಎರಡಮ್ಮನ ಎಡಗೈಗೆ ಚಾಚಿದ. "ಹಾಕು ತಂಗಿ."

ಅವಳು ಪೆನ್ನು ಹಿಡಿದುಕೊಂಡಳು.

"ಅರ್ಧ ಗಂಟೆ ಕಾಯ್ತೀನಿ ಸಾರ್."

"ಯಾಕೆ?"

"ಒಂದು ಪುಟ ಓದೋದಿದೆ."

"ನೋಡಮ್ಮ, ನನಗೆ ಬೇರೆ ಕೆಲಸ ಇದೆ" ಎಂದ ಅಧಿಕಾರಿ. "ಬಿಡೋದಾದ್ರೆ ಬಿಡು, ಇಲ್ಲಾಂದ್ರೆ ಇಲ್ಲ ಅನ್ನು."

"ನನಗೂ ಕೆಲಸ ಇದೆ ಸಾರ್. ಅದು ಇರತ್ತಾ ಇಲ್ವಾ ಅಂತಲೇ ಕಾಯ್ತಿರೋದು."

ಒಳಗೆ ಯಂತ್ರ ಕೆಮ್ಮಿ, ತಡವರಿಸಿ, ಓಡತೊಡಗಿತು. ಅಧಿಕಾರಿ ಗಡಿಯಾರ ನೋಡುತ್ತಿದ್ದ. ಯಜಮಾನ ಒಂದಾದ ಮೇಲೊಂದು ಮಾತು ಹಾಕುತ್ತಿದ್ದ, ಅಧಿಕಾರಿಗೆ ಚಹಾ ಬೇಕೇ, ಫ್ಯಾನು ಜೋರು ಮಾಡಲೇ. ಎರಡಮ್ಮನ ಕಣ್ಣು ಬಾಗಿಲ ಮೇಲಿತ್ತು. ಮೂರಮ್ಮ ಹೇಳಿದ್ದು ತಪ್ಪಾಗಿದ್ದರೆ? ಬೀರುವಿನಲ್ಲಿಟ್ಟದ್ದು ಬೇರೆ ಯಾವುದೋ ಕಾರಣಕ್ಕಾಗಿದ್ದರೆ? ತನ್ನೊಬ್ಬಳಿಗಾಗಿ ಮೂವರ ಅನ್ನ ಹೋಗುತ್ತದೆ.

ಮಾವ ಬಂದ. ಮೊದಲ ಹಾಳೆಗಳು ಯಾವಾಗಲೂ ರದ್ದಿ. ಮಸಿ ಇನ್ನೂ ಕೂತಿರುವುದಿಲ್ಲ. ಒಂದು ಮಗ್ಗುಲಷ್ಟೇ ಅಚ್ಚಾದ, ಮಾಸಲು ಅಕ್ಷರದ ಒಂದು ದೊಡ್ಡ ಹಾಳೆಯನ್ನು ಮೂರಮ್ಮನ ಮೇಜಿನ ಮೇಲೆ ಹರಡಿದ. ಎಂಟು ಪುಟ, ಅರ್ಧ ತಲೆಕೆಳಗು. ಅಧಿಕಾರಿ ಬಗ್ಗಿ ನೋಡಿ, "ಇದರಲ್ಲಿ ಯಾವುದು ಎಲ್ಲಿದೆ?" ಎಂದ.

ಮೂರಮ್ಮ ಅವನನ್ನು ಮೊಣಕೈಯಿಂದ ಸರಿಸಿದಳು. ಅಂಚಿಗೆ ಅಂಚು, ಸರ್ರೆಂದು ಮೂಳೆ. ತಿರುಗಿಸಿ ಅಂಚಿಗೆ ಅಂಚು, ಸರ್ರೆಂದು. ಇನ್ನೊಂದು ಸಲ, ಸರ್ರೆಂದು. ಓದಲು ಬಾರದ ಆ ಕೈ ಮೂರೇ ಎಳೆತದಲ್ಲಿ ಮೂವತ್ತಮೂರನೇ ಪುಟವನ್ನು ನೆಟ್ಟಗೆ ಮೇಲಕ್ಕೆ ತಂದು ನಿಲ್ಲಿಸಿತು.

"ಓದೇ" ಎಂದಳು.

ಎರಡಮ್ಮ ಓದಿದಳು. ಮೊದಲು ತನ್ನ ಪುಟದ ಕೊನೆಯ ಪದದಿಂದ, ಆಮೇಲೆ ಈ ಪುಟದ ಮೊದಲ ಸಾಲಿನಿಂದ.

"ಪರಂತು, ಅಂಥ ನೌಕರನು ತಾನು ಮಾಡುತ್ತಿದ್ದ ಕೆಲಸಕ್ಕೆ ತಕ್ಕವನಾಗಿ ಉಳಿಯದಿದ್ದಲ್ಲಿ, ಅವನನ್ನು ಅದೇ ವೇತನದ ಬೇರೊಂದು ಕೆಲಸಕ್ಕೆ ವರ್ಗಾಯಿಸತಕ್ಕದ್ದು, ಅಂಥ ಕೆಲಸ ಸಿಗುವವರೆಗೆ ಅವನನ್ನು ಸೇವೆಯಲ್ಲಿಯೇ ಇಟ್ಟುಕೊಂಡಿರತಕ್ಕದ್ದು."

ಓದಿ ಮುಗಿಸಿ ಮತ್ತೆ ಮೊದಲಿಂದ ನೋಡಿದಳು. ಕಣ್ಣು ತುಂಬಿ ಅಕ್ಷರ ಕಲಸಿಹೋಯಿತು. ಕೊಡುವ ಆದರೆಯೂ ಒಂದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಇದು ಇದೆಯಾ ಇದರಲ್ಲಿ?" ಎಂದು ಅಧಿಕಾರಿಯೇ ಕೇಳಿದ. ಪುಸ್ತಕ ಅವನ ಇಲಾಖೆಯದು.

ಯಜಮಾನ ಮೊದಲ ಬಾರಿಗೆ ದನಿ ಏರಿಸಿದ. "ಬೇರೆ ಕೆಲಸ ಎಲ್ಲಿದೆ ಸರ್ ಇಲ್ಲಿ? ನನ್ನದೇನು ಧರ್ಮಛತ್ರಾನಾ?"

"ಜೋಡಿಸಿದ ಪುಸ್ತಕದಲ್ಲಿ ಫಾರಂ ಎಲ್ಲ ಸರಿಯಾಗಿದೆಯಾ ಅಂತ ನೋಡೋ ಕೆಲಸ ಇದೆ ಸಾರ್" ಎಂದಳು ಎರಡಮ್ಮ. "ಅದಕ್ಕೆ ಕಣ್ಣು ಸಾಕು, ಬೆರಳು ಬೇಡ. ಮೂರು ಕಾಣೆಯಾಗಿದೆ ಅಂತ ನಿಮಗೆ ಹೇಳಿದ್ದು ನಾವೇ ಅಲ್ವಾ?"

"ಹಾಗಾದ್ರೆ ಹೋಗು, ಕೋರ್ಟಿಗೆ ಹೋಗು! ಪುಸ್ತಕದಲ್ಲಿ ಏನು ಬೇಕಾದ್ರೂ ಅಚ್ಚು ಹಾಕ್ತೀವಿ. ಮಾಡದೇ ಇದ್ರೆ ಏನಾಗತ್ತೆ?"

"ಅದು ನನ್ನಲ್ಲಿದೆ."

ಎಲ್ಲರೂ ತಿರುಗಿ ನೋಡಿದರು. ಮಾತಾಡಿದ್ದು ನಾಲ್ಕಮ್ಮ. ಅವಳು ಎದ್ದು ನಿಂತಿದ್ದಳು. ಮಡಿಸದ ಗುಡ್ಡೆಯ ಮೇಲೆ ಅಂಗೈ ಊರಿದ್ದಳು.

"ಐವತ್ತೆರಡನೇ ಪುಟ. ಮಾಡದೇ ಇದ್ರೆ ಏನಾಗತ್ತೆ ಅಂತ ಅಲ್ಲೇ ಇದೆ. ಓದ್ಲಾ ಸಾರ್?"

ಅಧಿಕಾರಿ ಫೈಲನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. ಅವನಿಗೆ ಇವರ ಪರ ಹೇಳುವ ಧೈರ್ಯವೂ ಇರಲಿಲ್ಲ, ಮೂವತ್ತಮೂರನೇ ಪುಟದ ಎದುರಿಗೆ ಯಜಮಾನನ ಪರ ಹೇಳುವ ದಾರಿಯೂ ಇರಲಿಲ್ಲ. ಕೊನೆಗೆ ತನಗೆ ಗೊತ್ತಿದ್ದ ಒಂದೇ ಮಾತನ್ನು ಹೇಳಿದ.

"ಏನೇ ಇರಲಿ, ನಾನು ಬಂದಿದ್ದಕ್ಕೆ ಕಾಗದದ ಮೇಲೆ ಏನಾದ್ರೂ ಬೇಕಮ್ಮ. ಹಾಕ್ತೀಯೋ ಇಲ್ಲವೋ?"

"ಹಾಕ್ತೀನಿ ಸಾರ್" ಎಂದಳು ಎರಡಮ್ಮ.

ಬಲ ಮೊಣಕೈಯನ್ನು ಕಾಗದದ ಮೇಲೆ ಊರಿದಳು, ಕಾಲುಚೀಲದ ತುಂಡು ಸಹಿತ. ನಾನು ನನ್ನ ಸ್ವಇಚ್ಛೆಯಿಂದ ಎಂಬ ಸಾಲು ಅದರಡಿ ಮುಚ್ಚಿಹೋಯಿತು. ಎಡಗೈಯಲ್ಲಿ, ನಾಲಗೆ ಹಲ್ಲಿನ ನಡುವೆ ಹಿಡಿದು, ಸಹಿಯ ಗೆರೆಯ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು. ಮಗಳು ಹೇಳಿಕೊಟ್ಟ ಹಾಗೆ ಪ ಬಾಯಿ ಮುಚ್ಚಿತ್ತು. ತು ಬೀಳಲಿಲ್ಲ.

ಯಜಮಾನ ಕಾಗದ ಕಿತ್ತುಕೊಂಡು ನೋಡಿದ.

"ಪರಂತು? ಇದೇನಿದು? ಇದು ಸಹಿನಾ?"

"ಅಲ್ಲ ಸಾರ್" ಎಂದಳು ಎರಡಮ್ಮ. "ಪುಟ ತಿರುಗಿಸಿ. ಮುಂದೆ ಇದೆ."

ಮಾವ ಮೂರನೇ ಫಾರಂನ ಮೊದಲ ಕಟ್ಟನ್ನು ತಂದು ಮೇಜಿನ ಮೇಲೆ ಹಾಕಿದ. ನಾಲ್ವರೂ ತಮ್ಮ ತಮ್ಮ ಮೂಳೆಪಟ್ಟಿ ಕೈಗೆತ್ತಿಕೊಂಡ ಸದ್ದು ಒಂದೇ ಸಲ ಕೇಳಿಸಿತು.